ಬೀಜವಿಲ್ಲದ ದ್ರಾಕ್ಷಿ ಮತ್ತು ‘ಸುಧಾರಣೆ’ ಎಂಬ ಮಾತು

ತಪಸ್ಸುಕಾಲ ಆರಂಭವಾಗುವ ಹೊತ್ತಿಗೆ ನಮ್ಮ ಉತ್ತರ ಕರ್ನಾಟಕದ ಸಂತೆಗಳಿಗೆ ದ್ರಾಕ್ಷಿ ಬರುತ್ತದೆ. ವಿಜಯಪುರ, ಬಾಗಲಕೋಟೆಗಳ ಚಪ್ಪರಗಳಿಂದ ಇಳಿದ ಗೊಂಚಲುಗಳು ಗಜೇಂದ್ರಗಡದ ಪೇಟೆಯವರೆಗೂ ತಳ್ಳುಗಾಡಿಗಳ ಮೇಲೆ ಸಾಗಿಬರುತ್ತವೆ. ಕೊಳ್ಳುವವರು ಬೆಲೆ ಕೇಳುವುದಕ್ಕಿಂತ ಮೊದಲೇ ಕೇಳುವ ಪ್ರಶ್ನೆ ಒಂದಿದೆ: “ಬೀಜ ಇಲ್ಲೇನ್ರೀ?” ಮಾರುವವನು ಒಂದು ಹಣ್ಣು ಕಿತ್ತು ಕೈಗಿಡುತ್ತಾನೆ: “ತಿಂದು ನೋಡ್ರೀ.” ವ್ಯವಹಾರ ಕುದುರುತ್ತದೆ.

ಪ್ರಿಯ ವಾಚಕರೇ, ಈ ಸಣ್ಣ ಪ್ರಶ್ನೆಯ ಹಿಂದೆ ಒಂದು ದೊಡ್ಡ ಪ್ರಶ್ನೆ ಅಡಗಿದೆ. ಹಣ್ಣಿನೊಳಗೆ ಬೀಜವಿರುವುದು ಸೃಷ್ಟಿಯ ಕ್ರಮ. ಆದಿಕಾಂಡದ ಮೊದಲ ಅಧ್ಯಾಯವೇ ಅದನ್ನು ಹೇಳುತ್ತದೆ. ಆ ಬೀಜ ನಮಗೆ ಬೇಡವಾಯಿತು. ಬೇಡವಾದುದನ್ನು ಇಲ್ಲವಾಗಿಸಿ, ಹಾಗೆ ಇಲ್ಲವಾಗಿಸಿದ್ದಕ್ಕೆ ‘ತಳಿ ಸುಧಾರಣೆ’ ಎಂಬ ಹೆಸರಿಟ್ಟೆವು. ‘ಸುಧಾರಣೆ’ ಎಂಬ ಮಾತನ್ನು ನಾವು ಕೆಟ್ಟುಹೋದ ಮಗನ ಬಗ್ಗೆ ಆಡುತ್ತೇವೆ, ಕಾಯಿಲೆಯಿಂದ ಏಳುತ್ತಿರುವ ಮುದುಕಿಯ ಬಗ್ಗೆ ಆಡುತ್ತೇವೆ. ಅಲ್ಲೆಲ್ಲ ಸುಧಾರಿಸಿದವನಿಗೇ ಅದರ ಲಾಭ. ದ್ರಾಕ್ಷಿಯ ವಿಷಯದಲ್ಲಿ ಸುಧಾರಿಸಿದ್ದು ಬಳ್ಳಿಯೇ, ತಿನ್ನುವವನ ಅನುಕೂಲವೇ, ಬೆಳೆಯುವವನ ಬಾಳೇ? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಒಂದಿಷ್ಟು ದೂರ ನಡೆಯೋಣ.

ಮೊದಲಿಗೆ, ಬಳ್ಳಿಯನ್ನು ಬದಲಿಸುವ ಅಧಿಕಾರವೇ ಮಾನವನಿಗಿಲ್ಲ ಎಂದು ಹೇಳುವ ಭಕ್ತರಿದ್ದಾರೆ. ಅವರ ಭಯಭಕ್ತಿಗೆ ನನ್ನ ಗೌರವವಿದೆ. ವಾದಕ್ಕೆ ನನ್ನ ಒಪ್ಪಿಗೆಯಿಲ್ಲ. ಮನುಷ್ಯನ ಕೈ ತಾಗದ ಕಾಡು ದ್ರಾಕ್ಷಿಯಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಹಣ್ಣು ಚಿಕ್ಕದು, ಹುಳಿ. ಎಲ್ಲೋ ಎರಡೂ ಗುಣ ಒಂದೇ ಹೂವಿನಲ್ಲಿ ಕೂಡಿದ ಬಳ್ಳಿಯನ್ನು ಯಾರೋ ಗುರುತಿಸಿ ಅದರ ಕಡ್ಡಿ ನೆಟ್ಟರು. 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು 3,500ಕ್ಕೂ ಹೆಚ್ಚು ಬಳ್ಳಿಗಳ ವಂಶವಾಹಿಗಳನ್ನು ಹೋಲಿಸಿ, ಈ ಆಯ್ಕೆ ಸುಮಾರು 11,000 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದಲ್ಲಿಯೂ ಕಾಕಸಸ್ ಸೀಮೆಯಲ್ಲಿಯೂ ನಡೆಯಿತೆಂದು ತೋರಿಸಿತು. ಪ್ರವಾದಿ ಯೆಶಾಯನು ಐದನೆಯ ಅಧ್ಯಾಯದಲ್ಲಿ ಹಾಡಿದ ತೋಟದೊಡೆಯ ಕಲ್ಲು ಹೆಕ್ಕಿ, ನೆಲ ಅಗೆದು ನೆಟ್ಟದ್ದು ಕಾಡುಬಳ್ಳಿಯನ್ನಲ್ಲ, ‘ಸೋರೇಕ್’ ಎಂಬ ಆಯ್ದ ತಳಿಯನ್ನು. ಕಾನಾ ಊರಿನ ಮದುವೆಯ ದ್ರಾಕ್ಷಾರಸವೂ, ಕಡೆಯ ಭೋಜನದ ಪಾತ್ರೆಯೂ ರೈತರು ತಲೆತಲಾಂತರದಿಂದ ಆರಿಸಿಕೊಂಡು ಬಂದ ಬಳ್ಳಿಯಿಂದಲೇ ತುಂಬಿದವು.

ಧರ್ಮಸಭೆಯ ನಿಲುವೂ ಸ್ಪಷ್ಟವಾಗಿದೆ. ಬಲಿಪೂಜೆಯ ದ್ರಾಕ್ಷಾರಸ ದ್ರಾಕ್ಷಿಯಿಂದಲೇ ಆಗಿರಬೇಕು, ಸ್ವಾಭಾವಿಕವಾಗಿರಬೇಕು, ಕೆಟ್ಟಿರಬಾರದು ಎಂದು ಧರ್ಮಸಭೆಯ ಕಾನೂನಿನ 924ನೆಯ ವಿಧಿ ಹೇಳುತ್ತದೆ. ಹಾಗಾದರೆ ಕುಲಾಂತರಿ ಬಳ್ಳಿಯ ದ್ರಾಕ್ಷಾರಸ? ರೋಮಿನ ದೈವಾರಾಧನಾ ಸಚಿವಾಲಯ 2017ರ ಜೂನ್ ತಿಂಗಳಲ್ಲಿ ಧರ್ಮಾಧ್ಯಕ್ಷರಿಗೆ ಕಳುಹಿಸಿದ ಪತ್ರದಲ್ಲಿ ಅದಕ್ಕೂ ಉತ್ತರವಿದೆ: ಕುಲಾಂತರಿ ಬೆಳೆಯಿಂದ ಸಿದ್ಧವಾದ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಸಿಂಧುವೆಂದು ಪರಿಗಣಿಸಬಹುದು. ಬಳ್ಳಿಯನ್ನು ಬದಲಿಸಿದ ಮಾತ್ರಕ್ಕೆ ಅದು ಅಪವಿತ್ರವಾಗುವುದಿಲ್ಲ ಎಂಬುದು ಇದರಿಂದ ತಿಳಿಯಿತು. ಆದರೆ ಪೀಠದ ಮೇಲೆ ಸಲ್ಲುವುದೆಲ್ಲ ಹೊಲದಲ್ಲಿ ನ್ಯಾಯವಾಗಿಯೇ ಬೆಳೆಯಿತು ಎಂದು ಆ ಪತ್ರ ಹೇಳಿಲ್ಲ. ಎರಡನೆಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ, ನಿಜವಾದ ಪ್ರಶ್ನೆಯೂ ಅದೇ.

ಆ ಪ್ರಶ್ನೆಗೆ ಬರುವ ಮುನ್ನ, ತಳಿ ಬೆಳೆಸುವ ಕೆಲಸ ಹೇಗೆ ನಡೆಯುತ್ತದೆಂದು ನೋಡುವುದು ಒಳ್ಳೆಯದು. ಬೆಂಗಳೂರಿನ ಸಮೀಪದ ಹೆಸರಘಟ್ಟದಲ್ಲಿ 1967ರಲ್ಲಿ ಸ್ಥಾಪನೆಯಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ದ್ರಾಕ್ಷಿಯಲ್ಲಿ ಅನೇಕ ಸಂಕರ ತಳಿಗಳನ್ನು ನೀಡಿದೆ. ಅವುಗಳ ಹೆಸರಿನ ‘ಅರ್ಕಾ’ ಎಂಬ ಮೊದಲ ಪದ ಅಲ್ಲಿ ಹರಿಯುವ ಅರ್ಕಾವತಿ ನದಿಯಿಂದ ಬಂದದ್ದು. ದ್ರಾಕ್ಷಿಯ ಹೂವು ಸಾಸಿವೆಗಿಂತ ಸ್ವಲ್ಪ ದೊಡ್ಡದು. ಅದು ಅರಳುವ ಮೊದಲೇ ಚಿಮಟದಿಂದ ಅದರ ಟೋಪಿಯನ್ನೂ ಕೇಸರಗಳನ್ನೂ ಒಂದೊಂದಾಗಿ ತೆಗೆಯಬೇಕು. ಗೊಂಚಲಿಗೆ ಕಾಗದದ ಚೀಲ ತೊಡಿಸಬೇಕು. ತಕ್ಕ ಹೊತ್ತಿನಲ್ಲಿ ತಂದೆ ಬಳ್ಳಿಯ ಪರಾಗವನ್ನು ಸವರಿ, ದಿನಾಂಕ ಬರೆದ ಚೀಟಿ ಕಟ್ಟಬೇಕು. ಹಣ್ಣಾದ ಮೇಲೆ ಬೀಜ ತೆಗೆದು ಬಿತ್ತಿದರೆ, ಆ ಸಸಿ ಫಲ ಬಿಡಲು ಎರಡು ಮೂರು ವರ್ಷ. ನೂರಾರು ಸಸಿಗಳಲ್ಲಿ ಒಂದೋ ಎರಡೋ ಉಳಿಯುತ್ತವೆ. ಉಳಿದವುಗಳ ಪರೀಕ್ಷೆಗೆ ಮತ್ತೆ ವರ್ಷಗಳು ಬೇಕು. ಇಷ್ಟು ತಾಳ್ಮೆಯ ಕೆಲಸ ಮಾಡುವವರನ್ನು ‘ದೇವರ ಆಟ ಆಡುವವರು’ ಎಂದು ಹೀಯಾಳಿಸುವುದು ಅನ್ಯಾಯ.

ಒಂದು ಸಂಗತಿ ನಮ್ಮ ಮನೆಗಳಿಗೂ ಹೊಂದುತ್ತದೆ. ‘ಬ್ಲ್ಯಾಕ್ ಚಂಪಾ’ ಎಂಬ ತಾಯಿ, ‘ಥಾಮ್ಸನ್ ಸೀಡ್‌ಲೆಸ್’ ಎಂಬ ತಂದೆ. ಈ ಒಂದೇ ದಂಪತಿಯಿಂದ ಹೆಸರಘಟ್ಟದಲ್ಲಿ ಹುಟ್ಟಿದವು ಅರ್ಕಾವತಿ, ಅರ್ಕಾ ನೀಲಮಣಿ, ಅರ್ಕಾ ಕೃಷ್ಣ. ಮೊದಲನೆಯದು ಹಸಿರು ಮಿಶ್ರಿತ ಹಳದಿ, ಉಳಿದೆರಡು ಕಪ್ಪು. ಬ್ರನೋ ನಗರದ ಮಠದಲ್ಲಿ ಬಟಾಣಿ ಬೆಳೆದು ಅನುವಂಶೀಯತೆಯ ನಿಯಮ ಕಂಡ ಸಂತ ಅಗಸ್ಟೀನರ ಸಭೆಯ ಗುರು ಗ್ರೆಗರ್ ಮೆಂಡೆಲ್, ಪ್ರಯೋಗಕ್ಕೆ ದ್ರಾಕ್ಷಿಯನ್ನು ಆರಿಸಿಕೊಂಡಿದ್ದರೆ ಬಹುಶಃ ಕೈಚೆಲ್ಲುತ್ತಿದ್ದರು. ಬಟಾಣಿಯ ಮಗು ತಾಯಿಯನ್ನೇ ಹೋಲುತ್ತದೆ. ದ್ರಾಕ್ಷಿಯ ಬೀಜದಿಂದ ಏನು ಬರುತ್ತದೋ ಹೇಳಲಾಗದು. ಆದುದರಿಂದಲೇ ರೈತನು ಬೀಜ ಬಿತ್ತುವುದಿಲ್ಲ, ಮೆಚ್ಚಿದ ಬಳ್ಳಿಯ ಕಡ್ಡಿ ಕತ್ತರಿಸಿ ನೆಡುತ್ತಾನೆ. ಅರ್ಕಾ ತೃಷ್ಣಾ ಎಂಬ ಇನ್ನೊಂದು ತಳಿಯ ತಂದೆಯ ಹೆಸರು ‘ಕಾನ್ವೆಂಟ್ ಲಾರ್ಜ್ ಬ್ಲ್ಯಾಕ್’. ದ್ರಾಕ್ಷಾರಸಕ್ಕೆಂದೇ ಹುಟ್ಟಿದ, ಬಾಯಾರಿಕೆಯ ಹೆಸರು ಹೊತ್ತ ಬಳ್ಳಿಗೆ ಕಾನ್ವೆಂಟಿನ ತಂದೆ ಎಂದು ಓದಿದಾಗ ನನಗೆ ನಗು ತಡೆಯಲಾಗಲಿಲ್ಲ.

ಈ ಅರ್ಕಾ ತಳಿಗಳು ನಮ್ಮ ಭಾಗದ ಚಪ್ಪರಗಳನ್ನು ತುಂಬಲಿಲ್ಲ. ವಿಜಯಪುರದ ಕಡೆ ಹೋದರೆ ಕಾಣುವುದು ಹೆಚ್ಚಾಗಿ ಥಾಮ್ಸನ್ ಸೀಡ್‌ಲೆಸ್ ಮತ್ತು ಅದರ ವಂಶ. ಪಶ್ಚಿಮ ಏಷ್ಯಾದ ಹಳೆಯ ‘ಕಿಶ್ಮಿಶ್’ ಬಳ್ಳಿಯೇ 1870ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ವಿಲಿಯಂ ಥಾಮ್ಸನ್ ಎಂಬ ಬೆಳೆಗಾರನ ಹೆಸರು ಹೊತ್ತುಕೊಂಡಿತು. ಅದರ ಯಾವುದೋ ಒಂದು ಮೊಗ್ಗಿನಲ್ಲಿ ತಾನಾಗಿಯೇ ಆದ ಬದಲಾವಣೆಯನ್ನು ತಾಸಗಾಂವ್ ಸೀಮೆಯಲ್ಲಿ ಗುರುತಿಸಿದ್ದು ‘ತಾಸ್-ಎ-ಗಣೇಶ್’ ಆಯಿತು. ಸೊಲ್ಲಾಪುರ ಜಿಲ್ಲೆಯ ನಾನಜ ಗ್ರಾಮದ ರೈತ ನಾನಾಸಾಹೇಬ ಕಾಳೆಯವರು ಗುರುತಿಸಿದ ಉದ್ದ ಕಾಯಿಯ ಬಳ್ಳಿ ‘ಸೋನಾಕಾ’ ಆಯಿತು. ಇವೆಲ್ಲ ಬೇರೆ ಬೇರೆ ಹೆಸರಿನ ಒಂದೇ ಬಳ್ಳಿ ಎಂದರೂ ಹೆಚ್ಚು ತಪ್ಪಾಗದು. ಸಾವಿರಾರು ಎಕರೆಗಳಲ್ಲಿ ಹರಡಿರುವುದು ಒಂದೇ ಜೀವದ ನಕಲು. ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರುತ್ತದೆ. ಬೂಜು ತುಪ್ಪಟ ರೋಗ, ಬೂದಿ ರೋಗ, ಚಿಬ್ಬು ರೋಗ, ಈ ಮೂರಕ್ಕೂ ಥಾಮ್ಸನ್ ಸುಲಭದ ತುತ್ತು.

ಈಗ ಬೀಜದ ಮಾತಿಗೆ ಬರೋಣ. ಥಾಮ್ಸನ್ ಹಣ್ಣಿನಲ್ಲಿ ಬೀಜ ಇಲ್ಲವೇ ಇಲ್ಲ ಎನ್ನುವುದು ಪೂರ್ಣ ನಿಜವಲ್ಲ. ಬೀಜ ಕಟ್ಟಲು ಆರಂಭಿಸುತ್ತದೆ, ಕೆಲವು ವಾರಗಳಲ್ಲಿ ಬೆಳೆಯುವುದನ್ನು ನಿಲ್ಲಿಸುತ್ತದೆ. ಹಣ್ಣು ಕಚ್ಚಿದಾಗ ನಾಲಿಗೆಗೆ ತಾಗುವ ಮೆತ್ತನೆಯ ಚುಕ್ಕೆ ಅದರ ಅವಶೇಷ. ಈ ಗುಣಕ್ಕೆ ಕಾರಣ ಒಂದು ವಂಶವಾಹಿಯಲ್ಲಿ ಆಗಿರುವ ಒಂದೇ ಒಂದು ಅಕ್ಷರದ ಬದಲಾವಣೆ ಎಂದು 2018ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಇಂಥ ಬೀಜವನ್ನು ಅದು ಸಾಯುವ ಮೊದಲೇ ಹಣ್ಣಿನಿಂದ ತೆಗೆದು, ಪ್ರಯೋಗಾಲಯದ ಪೋಷಕ ದ್ರವದಲ್ಲಿ ಸಾಕಿ ಸಸಿ ಮಾಡುವ ವಿಧಾನವೂ ಇದೆ. ವಿಜ್ಞಾನಿಗಳು ಅದನ್ನು ‘ಭ್ರೂಣ ರಕ್ಷಣೆ’ ಎನ್ನುತ್ತಾರೆ. ಆ ಮಾತು ಕೇಳಿ ನಮ್ಮವರು ಬೆಚ್ಚಬೇಕಾಗಿಲ್ಲ. ಸಸ್ಯದ ಭ್ರೂಣಕ್ಕೂ ತಾಯಿಯ ಉದರದ ಶಿಶುವಿಗೂ ಪದ ಒಂದೇ ಆದರೂ ಅವುಗಳ ಘನತೆ ಒಂದೇ ಅಲ್ಲ.

ಬೀಜವು ತಿನ್ನುವವನ ಹಲ್ಲಿಗೆ ತೊಡಕಾದರೂ ಹಣ್ಣಿಗೆ ಅದು ಉಪಕಾರಿಯೇ ಆಗಿತ್ತು. ಬೆಳೆಯುವ ಬೀಜವೇ ಜಿಬ್ಬರಲಿನ್ ಎಂಬ ಚೋದಕವನ್ನು ಉಂಟುಮಾಡಿ ತನ್ನ ಸುತ್ತಲಿನ ತಿರುಳನ್ನು ಉಬ್ಬಿಸುತ್ತದೆ. ಬೀಜ ನಿಂತುಹೋದರೆ ಹಣ್ಣು ಚಿಕ್ಕದಾಗಿಯೇ ಉಳಿಯುತ್ತದೆ. ಮಾರುಕಟ್ಟೆಗೆ ಚಿಕ್ಕ ಹಣ್ಣು ಬೇಡ. ಆದಕಾರಣ ಅದೇ ಚೋದಕವನ್ನು ಪುಡಿಯಾಗಿ ಕೊಂಡು, ನೀರಿನಲ್ಲಿ ಕಲಸಿ, ಗೊಂಚಲುಗಳಿಗೆ ಸಿಂಪಡಿಸಬೇಕು, ಇಲ್ಲವೇ ಒಂದೊಂದೇ ಗೊಂಚಲನ್ನು ಪಾತ್ರೆಯಲ್ಲಿ ಅದ್ದಬೇಕು. ಚಪ್ಪರದಡಿ ಕೈ ಮೇಲೆತ್ತಿ, ಕತ್ತು ಹಿಂದಕ್ಕೆ ಬಾಗಿಸಿ, ದಿನವಿಡೀ ಈ ಕೆಲಸ ಮಾಡುವವರು ಕೂಲಿಗೆ ಬರುವ ಹೆಣ್ಣುಮಕ್ಕಳು. ನಾವು ಬೇಡವೆಂದ ಬೀಜ ಸದ್ದಿಲ್ಲದೆ ಮಾಡುತ್ತಿದ್ದ ದುಡಿಮೆ ಅವರ ತೋಳುಗಳ ಮೇಲೆ ಬಿತ್ತು. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ, ಅದಾದ ಮೇಲೆ ಮೋಡ ಕವಿದಾಗಲೆಲ್ಲ ಔಷಧ ಸಿಂಪಡಣೆ. ರೋಗ ತಡೆಯಲಾರದ ಬಳ್ಳಿಯನ್ನು ಉಳಿಸಬೇಕಾದರೆ ಯಾರೋ ಒಬ್ಬರು ಪಂಪು ಹೊತ್ತು ಆ ಮಂಜಿನಲ್ಲಿ ನಡೆಯಲೇಬೇಕು.

2010ರಲ್ಲಿ ಯುರೋಪಿಗೆ ಹೋದ ಭಾರತದ ದ್ರಾಕ್ಷಿ ಅಲ್ಲಿ ತಿರಸ್ಕೃತವಾಯಿತು. ಬಳ್ಳಿಯ ಅತಿ ಬೆಳವಣಿಗೆಯನ್ನು ತಡೆಯಲು ಬಳಸುವ ಕ್ಲೋರ್‌ಮೆಕ್ವಾಟ್ ಎಂಬ ರಾಸಾಯನಿಕದ ಶೇಷಾಂಶ ಅಲ್ಲಿನ ಮಿತಿಯನ್ನು ಮೀರಿತ್ತು. ಅನೇಕ ಬೆಳೆಗಾರರು ನಷ್ಟಕ್ಕೊಳಗಾದರು. ರಫ್ತಿನ ದ್ರಾಕ್ಷಿಯ ತಪಾಸಣೆ ಇನ್ನಷ್ಟು ಬಿಗಿಯಾಯಿತು. ತಿನ್ನುವವನ ತಟ್ಟೆಗೆ ವಿಷ ಹೋಗಬಾರದೆಂಬ ಈ ಎಚ್ಚರ ನ್ಯಾಯವಾದದ್ದೇ. ಆದರೆ ಹಣ್ಣಿನ ಸಿಪ್ಪೆಯ ಮೇಲೆ ಉಳಿದದ್ದನ್ನು ಅಳೆಯುವ ಯಂತ್ರದಷ್ಟು ನಿಷ್ಠೆಯಿಂದ, ಸಿಂಪಡಿಸಿದವನ ಎದೆಗೂಡಿನಲ್ಲಿ ಉಳಿದದ್ದನ್ನು ಅಳೆಯುವವರು ಯಾರು? ಪಿತೃಗಳು ಹುಳಿದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿಯುವುದೆಂಬ ಹಳೆಯ ಗಾದೆಯನ್ನು ಪ್ರವಾದಿ ಎಜೆಕಿಯೇಲನು ಇನ್ನು ಸಲ್ಲದೆಂದು ತಳ್ಳಿಹಾಕಿದನು. ನಮ್ಮ ಕಾಲದಲ್ಲಿ ಸಿಹಿದ್ರಾಕ್ಷಿ ತಿಂದವರು ಒಬ್ಬರು, ಹಲ್ಲು ಚಳಿಯುವುದು ಇನ್ನೊಬ್ಬರದು ಎಂಬಂತಾಗಿದೆ.

ಹಾಗಾದರೆ ರೋಗ ತಡೆಯುವ ಬಳ್ಳಿಯೇ ಇಲ್ಲವೇ? ಬಹಳ ದೂರ ಹೋಗಬೇಕಿಲ್ಲ. ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರಗಳಲ್ಲಿ ಬೆಳೆಯುವ, ಭೌಗೋಳಿಕ ಸೂಚಿಕೆಯ ಗೌರವವನ್ನೂ ಪಡೆದಿರುವ ‘ಬೆಂಗಳೂರು ನೀಲಿ’ ಚಿಬ್ಬು ರೋಗವನ್ನೂ ತುಕ್ಕು ರೋಗವನ್ನೂ ಚೆನ್ನಾಗಿ ತಾಳಿಕೊಳ್ಳುತ್ತದೆ. ಬೂಜು ತುಪ್ಪಟಕ್ಕೆ ಮಾತ್ರ ಅದೂ ಸೋಲುತ್ತದೆ. ಅದರಲ್ಲಿ ಅಮೆರಿಕದ ಕಾಡುದ್ರಾಕ್ಷಿಯ ರಕ್ತವಿದೆ. ಆ ರಕ್ತದಿಂದಲೇ ಅದಕ್ಕೆ ಗಟ್ಟಿತನ, ಅದರಿಂದಲೇ ದಪ್ಪ ಸಿಪ್ಪೆ, ಬೀಜ, ಮೂಗಿಗೆ ಮೊದಲೇ ತಾಗುವ ಆ ಘಾಟು ವಾಸನೆ. ಪುಣೆಯ ಆಘಾರಕರ್ ಸಂಶೋಧನಾ ಸಂಸ್ಥೆಯು ‘ಕಟಾಬಾ’ ಎಂಬ ಅಮೆರಿಕ ಮೂಲದ ತಳಿಯನ್ನು ‘ಬ್ಯೂಟಿ ಸೀಡ್‌ಲೆಸ್’ನೊಡನೆ ಕೂಡಿಸಿ, ಶಿಲೀಂಧ್ರ ರೋಗಗಳನ್ನು ತಡೆದುಕೊಳ್ಳುವ ‘ಎಆರ್‌ಐ-516’ ಎಂಬ ತಳಿಯನ್ನು ರೂಪಿಸಿದೆ. ರಸಕ್ಕೆ, ಒಣದ್ರಾಕ್ಷಿಗೆ, ದ್ರಾಕ್ಷಾರಸಕ್ಕೆ ಅದು ಒದಗುತ್ತದೆ. ಫ್ರಾನ್ಸಿನಲ್ಲಿ ಅರ್ತಾಬಾನ್, ವಿಡೊಕ್, ಫ್ಲೊರೆಯಾಲ್, ವೋಲ್ತಿಸ್ ಎಂಬ ನಾಲ್ಕು ರೋಗನಿರೋಧಕ ತಳಿಗಳು 2018ರಲ್ಲಿ ಅಧಿಕೃತ ಪಟ್ಟಿಗೆ ಸೇರಿದವು. ಅಂದರೆ ಜ್ಞಾನಕ್ಕೆ ಬರವಿಲ್ಲ. ಯಾವ ಗುಣವನ್ನು ಮೊದಲು ಬೇಡಬೇಕು ಎಂಬಲ್ಲಿ ಮಾತ್ರ ತಕ್ಕಡಿ ಒಂದು ಕಡೆ ವಾಲಿದೆ. ತಳಿ ಬೆಳೆಸುವವರು ಮಾರುಕಟ್ಟೆಯ ಮಾತು ಕೇಳುತ್ತಾರೆ, ಮಾರುಕಟ್ಟೆ ನಿಮ್ಮ ನಮ್ಮ ನಾಲಿಗೆಯ ಮಾತು ಕೇಳುತ್ತದೆ. ಸಿಂಪಡಿಸುವವನ ಮಾತು ಆ ಸಾಲಿನಲ್ಲಿ ಎಲ್ಲಿಯೂ ಬರುವುದಿಲ್ಲ.

ಒಂದು ಸುಧಾರಣೆ ಮಾತ್ರ ನನಗೆ ಬೇರೆ ರೀತಿಯದಾಗಿ ಕಾಣುತ್ತದೆ. ಗಜೇಂದ್ರಗಡದ ಗುಡ್ಡಗಳ ಮಗ್ಗುಲಿಗಿರುವ ಪುರ್ತಗೇರಿಯ ರೈತರೊಬ್ಬರು ಒಂದು ಎಕರೆಯಲ್ಲಿ ದ್ರಾಕ್ಷಿ ಹಾಕುವ ಮನಸ್ಸು ಮಾಡಿದ್ದಾರೆ ಎಂದಿಟ್ಟುಕೊಳ್ಳಿ. ಮಳೆ ನೆಚ್ಚುವಂತಿಲ್ಲ, ಕೊಳವೆಬಾವಿಯ ನೀರು ಉಪ್ಪಾಗಿದ್ದರೆ ಥಾಮ್ಸನ್ ಬೇರು ಅದನ್ನು ಸಹಿಸದು. ಅವರು ಮೊದಲು ನೆಡುವುದು ತಿನ್ನಲು ಬಾರದ ಒಂದು ಬಳ್ಳಿಯನ್ನು. ಅದರ ಹೆಸರು ‘ಡಾಗ್‌ರಿಡ್ಜ್’. ಅಮೆರಿಕದ ಟೆಕ್ಸಸ್ ಸೀಮೆಯ ಕಾಡಿನಿಂದ ಬಂದ ಈ ಬಳ್ಳಿಯ ಬೇರು ಬರವನ್ನೂ ಉಪ್ಪುನೀರನ್ನೂ ತಾಳುತ್ತದೆ. ಅದು ನೆಲ ಹಿಡಿದ ಮೇಲೆ, ಆಗಸ್ಟ್-ಸೆಪ್ಟೆಂಬರಿನಲ್ಲಿ ಅದರ ಕಾಂಡ ಸೀಳಿ ಥಾಮ್ಸನ್ ವಂಶದ ಕುಡಿಯನ್ನು ಬೆಣೆಯಂತೆ ಹೊಂದಿಸಿ ಕಸಿ ಕಟ್ಟುತ್ತಾರೆ. ಫ್ರಾನ್ಸಿನ ತೋಟಗಳೂ ಹೀಗೆಯೇ ಬದುಕಿದವು. 1860ರ ದಶಕದಲ್ಲಿ ಫಿಲೊಕ್ಸೆರಾ ಎಂಬ ಬೇರು ಹೀರುವ ಕೀಟ ಅಲ್ಲಿನ ಬಳ್ಳಿಗಳನ್ನು ಸಾಲುಸಾಲಾಗಿ ಒಣಗಿಸಿದಾಗ, ಕೊನೆಗೆ ಕೈಹಿಡಿದದ್ದು ಅಮೆರಿಕದ ಕಾಡುಬಳ್ಳಿಗಳ ಬೇರು. ಆ ಕೆಲಸದಲ್ಲಿ ನೆರವಾದ ಟೆಕ್ಸಸ್ಸಿನ ಟಿ.ವಿ. ಮನ್ಸನ್ ಅವರನ್ನು ಫ್ರೆಂಚ್ ಸರ್ಕಾರ 1888ರಲ್ಲಿ ಸನ್ಮಾನಿಸಿತು.

ಸಂತ ಪೌಲನು ರೋಮನರಿಗೆ ಬರೆದ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ ಓಲಿವ್ ಮರದ ಕಸಿಯ ಮಾತಿದೆ. ಅಲ್ಲಿ ಕಾಡುಕೊಂಬೆಯನ್ನು ಊರ ಮರಕ್ಕೆ ಕಟ್ಟಲಾಗುತ್ತದೆ, ಅದು ಸ್ವಭಾವಕ್ಕೆ ಮೀರಿದ್ದೆಂದು ಅಪೊಸ್ತಲನೇ ಒಪ್ಪುತ್ತಾನೆ. ಕೊಂಬೆಯು ಬೇರನ್ನು ಹೊತ್ತಿಲ್ಲ, ಬೇರೇ ಅದನ್ನು ಹೊತ್ತಿದೆ ಎಂದು ನೆನಪಿಸಿ, ಹೆಮ್ಮೆ ಬೇಡವೆಂದು ಎಚ್ಚರಿಸುತ್ತಾನೆ. ನಮ್ಮ ದ್ರಾಕ್ಷಿ ತೋಟದಲ್ಲಿ ಅದು ತಲೆಕೆಳಗಾಗಿ ನಡೆಯುತ್ತದೆ: ಕಾಡಿನ ಬೇರು ನಾಡಿನ ಕುಡಿಯನ್ನು ಹೊರುತ್ತದೆ. ಗೊಂಚಲಿನ ಹೆಸರು ಎಲ್ಲರಿಗೂ ಗೊತ್ತು. ಡಾಗ್‌ರಿಡ್ಜ್ ಹೆಸರನ್ನು ಹೇಳಿ ಯಾವ ಸಂತೆಯಲ್ಲಿಯೂ ಯಾರೂ ಹಣ್ಣು ಮಾರುವುದಿಲ್ಲ. ಆದರೂ ಈ ಸುಧಾರಣೆಯ ಮೊದಲ ಫಲ ಬೆಳೆಯುವವನಿಗೇ ಸಿಕ್ಕಿತು. ಅವನ ನೀರಿನ ಚಿಂತೆ ಅಷ್ಟಾದರೂ ಇಳಿಯಿತು. ನನ್ನ ಲೆಕ್ಕದಲ್ಲಿ ಸುಧಾರಣೆ ಎಂಬ ಮಾತಿಗೆ ಇದು ಹೆಚ್ಚು ಯೋಗ್ಯ.

ಇನ್ನು ವಂಶವಾಹಿಗೇ ಕೈಹಾಕುವ ಹೊಸ ವಿದ್ಯೆ. ದ್ರಾಕ್ಷಿಯ ಸಂಪೂರ್ಣ ವಂಶವಾಹಿ ನಕ್ಷೆಯನ್ನು ಫ್ರಾನ್ಸ್ ಮತ್ತು ಇಟಲಿಯ ವಿಜ್ಞಾನಿಗಳು 2007ರಲ್ಲಿ ಬಿಡಿಸಿದರು. ಹಣ್ಣಿನ ಬೆಳೆಗಳಲ್ಲಿ ಅದು ಮೊದಲನೆಯದು. ಹೊರಗಿನ ವಂಶವಾಹಿ ಸೇರಿಸದೆ, ಬಳ್ಳಿಯದೇ ಅಕ್ಷರಗಳನ್ನು ತಿದ್ದುವ ವಿಧಾನ ಈಗ ಬಂದಿದೆ. ಭಾರತ ಸರ್ಕಾರ 2022ರಲ್ಲಿ ಅಂಥ ಕೆಲವು ಬಗೆಯ ಸಸ್ಯಗಳನ್ನು ಕುಲಾಂತರಿಗಳ ಬಿಗಿ ನಿಯಮದಿಂದ ಹೊರಗಿಟ್ಟಿತು. 2025ರಲ್ಲಿ ಎರಡು ಭತ್ತದ ತಳಿಗಳು ಹಾಗೆ ಹೊರಬಂದವು. ಫ್ರಾನ್ಸಿನ ಕೊಲ್ಮಾರ್ ಪಟ್ಟಣದಲ್ಲಿ ವೈರಸ್ ತಡೆಯುವ ಕುಲಾಂತರಿ ಬೇರುಸಸಿಗಳ ಪ್ರಯೋಗ ನಡೆದಿತ್ತು. ಬೇರು ಮಾತ್ರ ಬದಲಾಗಿತ್ತು, ಮೇಲಿನ ಬಳ್ಳಿ ಎಂದಿನದೇ. 2010ರ ಆಗಸ್ಟಿನಲ್ಲಿ ವಿರೋಧಿಗಳು ನುಗ್ಗಿ ಎಲ್ಲವನ್ನೂ ಕಿತ್ತುಹಾಕಿದರು. ಕೀಳುವುದರಿಂದ ಸತ್ಯ ತಿಳಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಜಗದ್ಗುರು ಫ್ರಾನ್ಸಿಸ್ ಅವರು 2015ರಲ್ಲಿ ಬರೆದ ‘ಲೌದಾತೋ ಸೀ’ ವಿಶ್ವಪತ್ರವೂ ಈ ವಿದ್ಯೆಯ ಬಗ್ಗೆ ಸಾರಾಸಗಟು ತೀರ್ಪು ಕೊಡುವುದು ಕಷ್ಟವೆಂದೇ ಹೇಳುತ್ತದೆ. ಅವರ ಕಳವಳವಿದ್ದದ್ದು ಬೇರೆಡೆ: ಇಂಥ ಬೆಳೆಗಳು ಬಂದ ನಾಡುಗಳಲ್ಲಿ ಫಲವತ್ತಾದ ಭೂಮಿ ಕೆಲವರ ಕೈ ಸೇರಿ, ಸಣ್ಣ ಬೆಳೆಗಾರರು ಕಾಣೆಯಾಗುತ್ತಿರುವುದು.

ಇದು ನಮ್ಮನ್ನು ನಾಬೋತನ ದ್ರಾಕ್ಷಿತೋಟದ ಬಳಿ ತಂದು ನಿಲ್ಲಿಸುತ್ತದೆ. ಅರಸ ಅಹಾಬನಿಗೆ ಬೇಕಾದದ್ದು ತೋಟದ ನೆಲ. ಇಂದಿನ ಅರಸರಿಗೆ ನೆಲವೇ ಬೇಕೆಂದಿಲ್ಲ, ಕಡ್ಡಿಯ ಒಡೆತನ ಸಾಕು. ಹೊರದೇಶದ ಕಂಪನಿಗಳ ಬಣ್ಣಬಣ್ಣದ ಹೊಸ ತಳಿಗಳು ಈಗ ನೆರೆಯ ಮಹಾರಾಷ್ಟ್ರದಲ್ಲಿ ಪರವಾನಗಿಯ ಮೇಲೆ ಬೆಳೆಯುತ್ತಿವೆ. ತಳಿ ಬೆಳೆಸಿದವನಿಗೂ ಕೂಲಿ ಸಿಗಬೇಕು, ಚಿಮಟ ಹಿಡಿದು ವರ್ಷಗಟ್ಟಲೆ ಕಾದವನ ಶ್ರಮವೂ ಶ್ರಮವೇ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಚಾಟ್ನಿ ಮಾಡಿದಾಗ ನೆಲಕ್ಕೆ ಬಿದ್ದ ಕಡ್ಡಿಯನ್ನು ನೆರೆಯವನು ಬಂದು ಕೇಳಿದರೆ ಏನು ಹೇಳಬೇಕು? ನಮ್ಮ ಊರುಗಳಲ್ಲಿ ಕಡ್ಡಿಗೆ, ಬೀಜಕ್ಕೆ, ಮಜ್ಜಿಗೆಗೆ ಹೆಪ್ಪಿಗೆ ಯಾರೂ ದುಡ್ಡು ಕೇಳಿದವರಲ್ಲ.

ಭಾರತದ ಕಾನೂನು ಇಲ್ಲಿ ರೈತನ ಬೆನ್ನಿಗಿದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ 39ನೆಯ ಸೆಕ್ಷನ್ ಪ್ರಕಾರ, ನೋಂದಾಯಿತ ತಳಿಯ ಬೀಜವನ್ನೂ ರೈತನು ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ಹಂಚಬಹುದು, ಬ್ರ್ಯಾಂಡಿನ ಹೆಸರು ಹಾಕದೆ ಮಾರಲೂಬಹುದು. ಮತ್ತೆ ಗಿಡವಾಗಿ ಬೆಳೆಯಬಲ್ಲ ಸಸ್ಯಭಾಗವೂ ‘ಬೀಜ’ ಎಂಬ ಪದದೊಳಗೆ ಸೇರುತ್ತದೆಂದು ಅದೇ ಕಾಯಿದೆ ಹೇಳುತ್ತದೆ. 2019ರಲ್ಲಿ ಗುಜರಾತಿನ ಆಲೂಗಡ್ಡೆ ಬೆಳೆಗಾರರ ಮೇಲೆ ಪೆಪ್ಸಿಕೋ ಕಂಪನಿ ಮೊಕದ್ದಮೆ ಹೂಡಿ, ದೇಶವೆಲ್ಲ ಗದ್ದಲವೆದ್ದ ಮೇಲೆ ಹಿಂತೆಗೆದುಕೊಂಡಾಗ ಚರ್ಚೆಯಾದದ್ದು ಇದೇ ಸೆಕ್ಷನ್. ಹೀಗಿದ್ದರೂ, ಕಂಪನಿಯೊಡನೆ ಮಾಡಿಕೊಳ್ಳುವ ಕರಾರುಪತ್ರದಲ್ಲಿ ಬೇರೆ ಷರತ್ತುಗಳಿರಬಹುದು. ಪರವಾನಗಿಯ ತಳಿ ನೆಡುವ ಯೋಚನೆ ನಿಮ್ಮ ಮನೆಯಲ್ಲಿದ್ದರೆ, ಸಹಿ ಹಾಕುವ ಮೊದಲು ಆ ಕಾಗದವನ್ನು ಕನ್ನಡದಲ್ಲಿ ಓದಿಸಿಕೊಳ್ಳಿರಿ; ಕಡ್ಡಿಯ ಬಗ್ಗೆ ಏನು ಬರೆದಿದೆ, ಹಣ್ಣನ್ನು ಯಾರಿಗೆ ಮಾರಬೇಕೆಂದು ಬರೆದಿದೆ ಎಂದು ಕೇಳಿರಿ. ಬಳ್ಳಿ ಮತ್ತು ಮರಗಳ ವಿಷಯದಲ್ಲಿ ಆ ಕಾಯಿದೆಯು ತಳಿಯ ಒಡೆಯನಿಗೆ ಕೊಡುವ ರಕ್ಷಣೆ ಒಟ್ಟು 18 ವರ್ಷ. ನಮ್ಮ ಕಡೆ ದ್ರಾಕ್ಷಿಯ ಚಪ್ಪರವೊಂದು ಚೆನ್ನಾಗಿ ಫಲ ಕೊಡುವುದು 12ರಿಂದ 15 ವರ್ಷ.